ಮೂಗಯ್ಯನ ಬೂಟು

ಚಾಮರಾಜನಗರ
೧೨ ಜೂನ್ ೧೯೯೬

ಶ್ರೀ ಶಿವಶಂಕರ ಅವರಿಗೆ ನಮಸ್ಕಾರ.

ನಾನು ಮಲ್ಲಿಕಾರ್ಜುನಸ್ವಾಮಿ, ಇಲ್ಲಿನ ಹೈಸ್ಕೂಲೊಂದರಲ್ಲಿ ಸಮಾಜ ಪಾಠದ ಮೇಷ್ಟ್ರು. ಏಪ್ರಿಲ್ ಕೊನೆಯ ವಾರ ಬೇಗೂರಿಗೆ ಮದುವೆಗೆ ಬಂದಿದ್ದವನು ಗುಂಡ್ಲುಪೇಟೆಗೂ ಬಂದು, ಊಟಿ ರಸ್ತೆಯ ನಿಮ್ಮ ಸ್ಟುಡಿಯೋದಲ್ಲಿ ಒಂದು ಹಳೆಯ ಫೋಟೋ ಕೊಟ್ಟು ಹೋಗಿದ್ದೆ. ನೆನಪಿಗೆ ಬರಲಿ ಎಂದು ಬರೆಯುತ್ತೇನೆ. ಅಂಗೈ ಅಗಲದ ದಪ್ಪ ರಟ್ಟು. ತಲೆಗೆ ರುಮಾಲು, ಸೊಂಟಕ್ಕೆ ಬೆಲ್ಟು, ಕಾಲಿಗೆ ಬೂಟು ಹಾಕಿಕೊಂಡು ಕುರ್ಚಿಯ ಮೇಲೆ ಕೂತ ಒಬ್ಬ ಸಿಪಾಯಿ. ಅವರು ನಮ್ಮ ತಾಯಿಯ ತಂದೆ ಮೂಗಯ್ಯ. ಮೊದಲನೇ ಮಹಾಯುದ್ಧದಲ್ಲಿ ಮೈಸೂರಿನ ಕುದುರೆ ದಂಡಿನ ಜೊತೆ ಈಜಿಪ್ಟಿಗೆ ಹೋದವರು. ಫೋಟೋ ತೆಗೆಸಿದ್ದೂ ಅಲ್ಲೇ.

ಹದಿನೈದು ದಿನದಲ್ಲಿ ದೊಡ್ಡದು ಮಾಡಿ, ಹಳೆಯದನ್ನೂ ಜೊತೆಗೇ ಕೊಡುತ್ತೇನೆ ಎಂದಿರಿ. ಮೇ ತಿಂಗಳಲ್ಲಿ ಎರಡು ಸಲ ಬಂದೆ. ಎರಡು ಸಲವೂ ಬೀಗ. ಪಕ್ಕದ ಎಳನೀರಿನವನು "ಈಗಿದ್ರು, ಈಗೋದ್ರು" ಅಂದ. ಎರಡನೇ ಸಲವೂ ಅದನ್ನೇ ಅಂದ.

ದಯವಿಟ್ಟು ಯಾವಾಗ ಬರಬೇಕು ಎಂದು ಒಂದು ಕಾರ್ಡು ಬರೆಯಿರಿ.

ಇಂತಿ,
ಮಲ್ಲಿಕಾರ್ಜುನಸ್ವಾಮಿ


ಗುಂಡ್ಲುಪೇಟೆ
೨೮ ಜೂನ್ ೧೯೯೬

ಪ್ರಿಯ ಮೇಷ್ಟ್ರಿಗೆ,

ನಿಮ್ಮ ತಾತನವರನ್ನು ಮರೆಯುವುದುಂಟೇ? ಮೂವತ್ತು ವರ್ಷದಿಂದ, ಅಂದರೆ ನಮ್ಮ ತಂದೆಯವರ ಕಾಲದಿಂದ ಈ ಕಸುಬಿನಲ್ಲಿದ್ದೇವೆ. ಇಂಥ ವಸ್ತು ನಮ್ಮ ಅಂಗಡಿಗೆ ಬಂದದ್ದು ಇದೇ ಮೊದಲು. ಆ ರಟ್ಟಿನ ಅಂಚಿಗೆ ಚಿನ್ನದ ಗೆರೆ ಇದೆ, ನೀವು ಗಮನಿಸಿದಿರೋ ಇಲ್ಲವೋ. ಹಿಂದುಗಡೆ ಇಂಗ್ಲಿಷಿನಲ್ಲಿ ಕೈರೋ ಎಂದು ಅಚ್ಚಾಗಿದೆ. ಮುಖದ ಮೇಲಿನ ಬೆಳಕು ನೋಡಿದರೆ ಮೇಲಿನಿಂದ ಗಾಜಿನ ಚಾವಣಿಯ ಮೂಲಕ ಬಂದದ್ದು ಎಂದು ತಿಳಿಯುತ್ತದೆ. ಲೈಟಿಲ್ಲ, ಏನಿಲ್ಲ. ಆ ಕಾಲದಲ್ಲಿ ಕೂತವನು ಉಸಿರು ಬಿಗಿಹಿಡಿದು ಕೂರಬೇಕಿತ್ತು. ನಿಮ್ಮ ತಾತ ಹಿಡಿದಿದ್ದಾರೆ, ಕಣ್ಣಿನಲ್ಲಿ ಗೊತ್ತಾಗುತ್ತದೆ. ನಾನು ರಾತ್ರಿ ಅಂಗಡಿ ಮುಚ್ಚುವ ಮುಂಚೆ ಒಂದು ಸಲ ತೆಗೆದು ನೋಡಿಯೇ ಮನೆಗೆ ಹೋಗುವುದು.

ತಡವಾಗಿದ್ದಕ್ಕೆ ಕ್ಷಮಿಸಿ. ಮೈಸೂರಿನಿಂದ ಪೇಪರ್ ಬರಲಿಲ್ಲ, ಬಂದ ಮೇಲೆ ಕರೆಂಟು ಇರಲಿಲ್ಲ. ದೊಡ್ಡದು ಪೂಜೆಗೋ, ಹಾಲಿನ ಗೋಡೆಗೋ ತಿಳಿಸಿ. ಅದರ ಮೇಲೆ ಕೆಲಸ ಬೇರೆ ಬೇರೆ ಇರುತ್ತದೆ.

ಒಂದು ಮಾತು ಕೇಳಲೇ? ದೊಡ್ಡದು ಬಂದ ಮೇಲೆ ಹಳೆಯದು ನಿಮಗೆ ಬೇಕೇ? ನಮ್ಮ ಕಡೆ ಯಾರೂ ಹಳೆಯದನ್ನು ಕೇಳಿಕೊಂಡು ಬರುವುದಿಲ್ಲ. ಒಂದು ಟ್ರಂಕು ತುಂಬ ಹಾಗೇ ಬಿದ್ದಿವೆ. ಹಳೆಯ ಗಡಿಯಾರ, ಹಿತ್ತಾಳೆ ಸಾಮಾನು, ಫೋಟೋಗಳ ಬೆಲೆ ಬಲ್ಲವರು ಊಟಿಗೆ ಹೋಗುವ ದಾರಿಯಲ್ಲಿ ನನ್ನ ಅಂಗಡಿಗೆ ಬರುತ್ತಾರೆ.

ನಿಮ್ಮ ವಿಶ್ವಾಸಿ,
ಶಿವಶಂಕರ


ಚಾಮರಾಜನಗರ
೫ ಜುಲೈ ೧೯೯೬

ಶಿವಶಂಕರ ಅವರೇ,

ಹಳೆಯದು ಬೇಕು. ಬೇಕೇ ಬೇಕು. ಇದನ್ನು ಕೇಳುವ ಅಗತ್ಯವೇ ಇರಲಿಲ್ಲ.

ಪೂಜೆಗೂ ಹೌದು, ಹಾಲಿಗೂ ಹೌದು. ಮಹಾಲಯ ಅಮಾವಾಸ್ಯೆ ಅಕ್ಟೋಬರ್ ಹನ್ನೆರಡಕ್ಕೆ ಬಿದ್ದಿದೆ. ಅಂದು ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಅಷ್ಟರೊಳಗೆ ಎರಡೂ ನನ್ನ ಕೈಗೆ ಬರಬೇಕು. ಇನ್ನೂ ಮೂರು ತಿಂಗಳಿದೆಯಲ್ಲ ಎಂದು ನೀವು ಅಂದುಕೊಳ್ಳುತ್ತೀರಿ ಎಂದು ನನಗೆ ಗೊತ್ತು. ಹಾಗೆ ಅಂದುಕೊಳ್ಳಬೇಡಿ.

ಮಲ್ಲಿಕಾರ್ಜುನಸ್ವಾಮಿ


ಗುಂಡ್ಲುಪೇಟೆ
೨೧ ಆಗಸ್ಟ್ ೧೯೯೬

ಪ್ರಿಯ ಮೇಷ್ಟ್ರಿಗೆ,

ಬೆಳಗಿನ ಬಸ್ಸಿನ ಕಂಡಕ್ಟರ್ ಗೋವಿಂದಯ್ಯ ನಮಗೆ ಬಹಳ ಬೇಕಾದವರು. ಅವರ ಕೈಯಲ್ಲಿ ಈ ಕಾಗದ, ಕಟ್ಟು ಹಾಕಿಸಿದ ದೊಡ್ಡ ಫೋಟೋ ಎರಡನ್ನೂ ಕಳಿಸಿದ್ದೇನೆ. ಗಾಜು ಇದೆ, ಜೋಪಾನ.

ಹೊಗಳಿಕೊಳ್ಳುತ್ತೇನೆ ಎಂದುಕೊಳ್ಳಬೇಡಿ, ಇಂಥ ಕೆಲಸ ನಾನು ಮಾಡಿ ಬಹಳ ವರ್ಷವಾಗಿತ್ತು. ನಮ್ಮ ತಂದೆ ಪುಟ್ಟಬಸಪ್ಪನವರು ಬಿಟ್ಟುಹೋದ ಕುಂಚಗಳನ್ನು ತೆಗೆದು ಹನ್ನೊಂದು ದಿನ ಕೂತು ಬಣ್ಣ ಹಾಕಿದ್ದೇನೆ. ಹಿಂದೆ ನೀಲಿ, ಹೆಗಲ ಮೇಲೆ ಜರಿಯ ಶಲ್ಯ, ಹಣೆಗೆ ವಿಭೂತಿ. ಎದೆಮಟ್ಟಕ್ಕೆ ತಂದಿದ್ದರಿಂದ ಮುಖ ಎದ್ದು ಕಾಣುತ್ತದೆ. ನಮ್ಮ ತಾಯಿ ಶಾಂತಮಲ್ಲಮ್ಮನವರು ನೋಡಿ ಕೈಮುಗಿದರು.

ಹಳೆಯದು ಭದ್ರವಾಗಿದೆ, ಯೋಚನೆ ಬೇಡ.

ಶಿವಶಂಕರ


ಚಾಮರಾಜನಗರ
೨೬ ಆಗಸ್ಟ್ ೧೯೯೬

ಶಿವಶಂಕರ ಅವರೇ,

ಕಟ್ಟು ಬಿಚ್ಚಿ ನೋಡಿದೆ. ನಮ್ಮ ತಾತನ ಕಾಲೆಲ್ಲಿ?

ಕುರ್ಚಿಯೂ ಇಲ್ಲ, ಬೆಲ್ಟೂ ಇಲ್ಲ. ಯಾರೋ ಊರ ಪಟೇಲರು ಶಲ್ಯ ಹೊದ್ದು ನನ್ನನ್ನು ನೋಡುತ್ತಿದ್ದಾರೆ. ಮುಖ ಮಾತ್ರ ನಮ್ಮ ತಾತನದು. ನಾನು ಫೋಟೋ ಕೊಡುವಾಗ ಹೇಳಿದ್ದೆ, ಮೊದಲ ಕಾಗದದಲ್ಲಿ ಬರೆದೂ ಇದ್ದೆ, ಕಾಲಿಗೆ ಬೂಟು ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದಾರೆ ಎಂದು. ಓದಿಲ್ಲವೇ, ಓದಿಯೂ ಕತ್ತರಿಸಿದಿರೇ?

ನೀವು ಕೇಳದಿದ್ದರೂ ಹೇಳುತ್ತೇನೆ. ಮೂಗಯ್ಯ ದಂಡಿನಲ್ಲಿ ಕುದುರೆ ನೋಡಿಕೊಳ್ಳುವ ಆಳಾಗಿ ಸೇರಿದವರು. ದಂಡಿಗೆ ಸೇರಿದವರಿಗೆಲ್ಲ ಬೂಟು ಕೊಟ್ಟರು, ಇವರಿಗೂ ಕೊಟ್ಟರು. ಕೈರೋದಲ್ಲಿ ಆ ಬೂಟಿಗೆ ಪಾಲೀಶ್ ಹಾಕಿ ಫೋಟೋ ತೆಗೆಸಿಕೊಂಡರು. ಯುದ್ಧ ಮುಗಿದು ಬಂದವರು ನಂಜನಗೂಡಿನಲ್ಲಿ ರೈಲಿಳಿದು ಅದೇ ಬೂಟಿನಲ್ಲಿ ಊರಿನವರೆಗೆ ನಡೆದರು. ಊರಿನ ಹೆಸರು ಬರೆಯುವುದಿಲ್ಲ, ಈಗಿನವರು ಹಾಗಿಲ್ಲ. ಊರ ಮುಂದಿನ ಅರಳಿಕಟ್ಟೆಯಲ್ಲಿ ಕೂತಿದ್ದವರು ತಡೆದು, ಬೂಟು ಬಿಚ್ಚಿ ತಲೆಯ ಮೇಲೆ ಹೊತ್ತುಕೊಂಡು ಹೋಗು ಅಂದರು. ನಮ್ಮ ಬೀದಿಯವರು ಆಗ ಚಪ್ಪಲಿ ಮೆಟ್ಟಿ ಊರೊಳಗೆ ಓಡಾಡುವ ಹಾಗಿರಲಿಲ್ಲ. ತುರ್ಕರ ಗುಂಡಿಗೆ ಬಗ್ಗದ ಮನುಷ್ಯ ಅಲ್ಲಿ ಬಗ್ಗಿ ಲಾಡಿ ಬಿಚ್ಚಿದರು. ಮತ್ತೆ ಹಾಕಲಿಲ್ಲ. ಬೂಟು ಜಂತೆಗೆ ನೇತುಹಾಕಿತ್ತಂತೆ, ನಮ್ಮ ಅವ್ವ ಮರಿತಾಯಮ್ಮ ಹುಡುಗಿಯಾಗಿದ್ದಾಗ ನೋಡಿದ್ದಾರೆ. ಆಮೇಲೆ ಗೆದ್ದಲು ತಿಂದಿತು.

ಈ ಲೋಕದಲ್ಲಿ ಮೂಗಯ್ಯನ ಕಾಲಲ್ಲಿ ಬೂಟು ಉಳಿದಿರುವುದು ಆ ರಟ್ಟಿನ ಮೇಲೆ ಮಾತ್ರ. ನೀವು ಅದನ್ನೇ ಕತ್ತರಿಸಿ, ಹಣೆಗೆ ವಿಭೂತಿ ಬಳಿದು ಕಳಿಸಿದ್ದೀರಿ. ನಾವು ಮಂಟೇಸ್ವಾಮಿ ಒಕ್ಕಲು, ಹಣೆಗೆ ವಿಭೂತಿಯಲ್ಲ, ಕಪ್ಪು ಬೂದಿ ಧೂಳ್ತ ಇಡುವವರು. ಅರಳಿಕಟ್ಟೆಯವರು ಬಿಚ್ಚಿಸಿದರು, ನೀವು ಕುಂಚದಲ್ಲಿ ಬಿಚ್ಚಿಸಿದಿರಿ. ನಮ್ಮವರ ಕಾಲಲ್ಲಿ ಬೂಟು ಕಂಡರೆ ಇವತ್ತಿಗೂ ಕಣ್ಣು ಉರಿಯುತ್ತದೆಯೇ?

ಹಳೆಯದನ್ನು ಗೋವಿಂದಯ್ಯನವರ ಕೈಯಲ್ಲೇ ಕೂಡಲೇ ಕಳಿಸಿ.

ಮಲ್ಲಿಕಾರ್ಜುನಸ್ವಾಮಿ


ಗುಂಡ್ಲುಪೇಟೆ
೯ ಸೆಪ್ಟೆಂಬರ್ ೧೯೯೬

ಮೇಷ್ಟ್ರೇ,

ನಿಮ್ಮ ಕಾಗದ ಓದಿ ಎರಡು ದಿನ ಅಂಗಡಿ ತೆಗೆಯಲಿಲ್ಲ. ಇವನು ತೆಗೆಯುವುದೇ ಅಪರೂಪ ಎಂದು ನೀವು ನಗಬಹುದು.

ನಿಮ್ಮ ಬೀದಿ ಯಾವುದೆಂದು ನಾನು ಕೇಳಿರಲಿಲ್ಲ. ಹೆಸರು ನೋಡಿ ನಮ್ಮವರೇ ಇರಬೇಕು ಎಂದುಕೊಂಡೆ. ವಿಭೂತಿ ಇಟ್ಟದ್ದು ಹಾಗೆ. ಕೇಳದೆ ಇಟ್ಟದ್ದು ತಪ್ಪು, ಒಪ್ಪಿದೆ. ಆದರೆ ಬೂಟಿನ ವಿಷಯ ನೀವು ಬರೆದ ಹಾಗಲ್ಲ. ಪೂಜೆಗೆ ಇಡುವ ಫೋಟೋದಲ್ಲಿ ಕಾಲಿಗೆ ಹಾಕುವುದು ಕಾಣಬಾರದು ಎಂದು ನಮ್ಮ ತಂದೆಯವರು ಕಲಿಸಿದ್ದರು. ದೇವರ ಪಕ್ಕ ನೇತುಹಾಕುತ್ತಾರಲ್ಲ. ಅಮಲ್ದಾರರ ಫೋಟೋ ಬಂದರೂ ಎದೆಮಟ್ಟಕ್ಕೇ ತರುವುದು. ನೀವು ಪೂಜೆಗೂ ಹೌದು ಎಂದು ಬರೆದಿರಿ. ಗೌರವ ಎಂದುಕೊಂಡೇ ಕತ್ತರಿಸಿದೆ.

ಇನ್ನೊಂದು ಮಾತು. ಇದನ್ನು ಹೇಗೆ ಬರೆಯಬೇಕೋ ತಿಳಿಯದೆ ಇಷ್ಟು ದಿನ ತಳ್ಳಿದೆ. ಆ ಫೋಟೋದಲ್ಲಿ ಬೂಟು ಇರಲಿಲ್ಲ ಮೇಷ್ಟ್ರೇ. ಮೊಣಕಾಲಿನ ಕೆಳಗೆ ಬರೀ ಬಿಳಿ. ರಟ್ಟಿನ ಮೈ ಸವೆದು ಕುಂಕುಮದ ಕಲೆ ಉಳಿದಿತ್ತು, ಅಷ್ಟೆ. ನಾನು ಉಳಿಸಿದ್ದರೂ ಕಾಲಿಲ್ಲದ ಮನುಷ್ಯ ಕಾಣುತ್ತಿದ್ದ.

ಮೂರನೆಯದು. ಬೈಯುವುದಾದರೆ ಇದಕ್ಕೆ ಬೈಯಿರಿ. ಹಳೆಯದು ಈಗ ನನ್ನ ಹತ್ತಿರ ಇಲ್ಲ. ಜೂನ್ ಕೊನೆಯಲ್ಲೇ ಹೋಯಿತು. ಊಟಿಯಲ್ಲಿ ಲಾಡ್ಜ್ ಇಟ್ಟಿರುವ ಕೇರಳದವರೊಬ್ಬರು ಬಂದಿದ್ದರು. ಹಳೆಯ ವಸ್ತು ಕಂಡರೆ ನನ್ನ ಹಾಗೇ ಪ್ರಾಣ ಬಿಡುವವರು. ಅವರ ಹತ್ತಿರ ನೂರು ವರ್ಷದ ಮರದ ಕ್ಯಾಮೆರಾ ಇತ್ತು, ಹಿತ್ತಾಳೆಯ ಕಣ್ಣಿನದು. ಅದನ್ನು ನನಗೆ ಕೊಟ್ಟು ನಿಮ್ಮ ತಾತನವರನ್ನು ಅವರು ಒಯ್ದರು. ಹಳೆಯದು ಬೇಕೇ ಎಂದು ನಿಮ್ಮನ್ನು ಕೇಳಿದಾಗ ಹೋಗಿ ಎರಡು ದಿನವಾಗಿತ್ತು. ಬೇಡ ಅನ್ನುತ್ತೀರಿ ಎಂದೇ ನಂಬಿದ್ದೆ. ದೊಡ್ಡದಕ್ಕೆ ಬೇಕಾದ ನೆಗೆಟಿವ್ ಮೊದಲೇ ತೆಗೆದುಕೊಂಡಿದ್ದೆ.

ಶಿವಶಂಕರ


ಚಾಮರಾಜನಗರ
೧೪ ಸೆಪ್ಟೆಂಬರ್ ೧೯೯೬

ಶಿವಶಂಕರ,

ಒಂದು ಕ್ಯಾಮೆರಾಕ್ಕೆ ನಮ್ಮ ತಾತನನ್ನು ಕೊಟ್ಟಿರಿ. ರಾತ್ರಿ ತೆಗೆದು ನೋಡಿಯೇ ಮನೆಗೆ ಹೋಗುವುದು ಎಂದು ಬರೆದ ದಿನ ಅದು ಅಲ್ಲಿ ಇರಲೇ ಇಲ್ಲ. ಎಷ್ಟು ಚೆನ್ನಾಗಿ ಬರೆಯುತ್ತೀರಿ.

ನಾನೂ ಒಂದು ಮುಚ್ಚಿಟ್ಟಿದ್ದೆ. ನಿಮಗೆ ಹೇಳುವ ಅವಶ್ಯಕತೆ ಇರಲಿಲ್ಲ, ಈಗ ಇದೆ. ಆ ಫೋಟೋ ನನ್ನದಲ್ಲ, ನಮ್ಮ ಅವ್ವನದು. ಅವರ ತಗಡಿನ ಟ್ರಂಕಿನಲ್ಲಿ, ಕೆಂಪು ಬಟ್ಟೆಯಲ್ಲಿ ಸುತ್ತಿ ಸೀರೆಗಳ ಅಡಿಯಲ್ಲಿ ಇರುತ್ತಿತ್ತು. ವರ್ಷಕ್ಕೆ ಒಂದೇ ದಿನ ಹೊರಗೆ ಬರುತ್ತಿತ್ತು. ನಾನು ಕೇಳದೆ ತೆಗೆದುಕೊಂಡು ಬಂದೆ. ನನ್ನ ಜೊತೆಯ ಮೇಷ್ಟ್ರು ವೃಷಭೇಂದ್ರಪ್ಪನವರ ಹಾಲಿನಲ್ಲಿ ಅವರ ಮುತ್ತಾತನದು ಕೋಟು, ಪೇಟದ ದೊಡ್ಡ ಫೋಟೋ ಇದೆ. ಮನೆಗೆ ಹೋದವರಿಗೆಲ್ಲ ತೋರಿಸುತ್ತಾರೆ. ನನ್ನ ಹಾಲಿನಲ್ಲೂ ಬೂಟು ಹಾಕಿದ ತಾತ ಇರಲಿ ಎಂದು ಆಸೆಪಟ್ಟೆ. ಈಗ ಆ ಕೆಂಪು ಬಟ್ಟೆಯಲ್ಲಿ ಅದೇ ದಪ್ಪದ ಒಂದು ಲಗ್ನಪತ್ರಿಕೆ ಸುತ್ತಿಟ್ಟಿದ್ದೇನೆ. ಅವ್ವನಿಗೆ ಎಪ್ಪತ್ತನಾಲ್ಕು. ಎರಡು ಕಣ್ಣಿಗೂ ಪೊರೆ ಬಂದಿದೆ. ದಿನಕ್ಕೊಂದು ಸಲ ಟ್ರಂಕಿಗೆ ಕೈಹಾಕಿ ಗಂಟು ಇದೆಯೇ ಎಂದು ಮುಟ್ಟಿ ನೋಡುತ್ತಾರೆ. ನಾನು ಪಕ್ಕದಲ್ಲೇ ಕೂತು ಪೇಪರ್ ಓದುವವನ ಹಾಗೆ ನಟಿಸುತ್ತೇನೆ. ಐವತ್ತರ ಹತ್ತಿರ ಬಂದವನಿಗೆ ಈ ಗತಿ.

ಬೂಟು ಇರಲಿಲ್ಲ ಎಂದು ಬರೆದಿರಿ. ಸುಳ್ಳು ಎಂದು ಬರೆಯಲು ಕೂತೆ. ಆಮೇಲೆ ಕಣ್ಣುಮುಚ್ಚಿ ನೆನಪು ಮಾಡಿಕೊಂಡೆ. ಅವ್ವ ಪ್ರತಿ ವರ್ಷ ಎಡೆ ಇಟ್ಟ ಮೇಲೆ ಫೋಟೋದ ಕಾಲಿಗೆ ಕುಂಕುಮ ಹಚ್ಚಿ, ಬೆರಳಿಂದ ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. "ಬೂಟು ನೋಡ್ಲಾ, ಎಂಗ್ ಒಳೀತವೆ" ಅನ್ನುತ್ತಿದ್ದರು. ನಾನು ನೋಡಿದ್ದು ತಾತನ ಮುಖವನ್ನು. ಕಾಲಿನ ಮೇಲೆ ಯಾವಾಗಲೂ ಅವ್ವನ ಕೈ ಇರುತ್ತಿತ್ತು. ನಿಮಗೆ ಕೊಡುವಾಗಲೂ ಅವಸರದಲ್ಲಿ ಪೇಪರಿನಲ್ಲಿ ಸುತ್ತಿಕೊಂಡು ಬಂದೆ.

ಬೂಟು ಇರಲಿ, ಬಿಡಲಿ. ಆ ರಟ್ಟು ಬೇಕು. ಅಕ್ಟೋಬರ್ ಹನ್ನೆರಡು.

ಮಲ್ಲಿಕಾರ್ಜುನಸ್ವಾಮಿ


ಚಾಮರಾಜನಗರ
೩೦ ಸೆಪ್ಟೆಂಬರ್ ೧೯೯೬

ಶಿವಶಂಕರ,

ಹದಿನಾರು ದಿನವಾಯಿತು, ಉತ್ತರವಿಲ್ಲ. ನಿನ್ನೆ ಭಾನುವಾರ ನಾನೇ ಬಂದೆ. ಬೀಗ. ಎಳನೀರಿನವನು ಈ ಸಲ ನನ್ನನ್ನು ಕಂಡು ತಾನೇ ಬೇರೆ ಕಡೆ ತಿರುಗಿದ.

ಹಿಂದಿನ ಮನೆಯ ಬಾಗಿಲು ತಟ್ಟಿದೆ. ನಿಮ್ಮ ತಾಯಿಯವರು ಹೊರಗೆ ಬಂದರು. ನಾನು ಯಾರು ಎಂದು ಹೇಳಿದೆ, ಯಾವ ಬೀದಿಯವನು ಎಂದೂ ಹೇಳಿದೆ. ಜಗಳ ಕಾಯಲೆಂದೇ ಹೇಳಿದೆ, ಸುಳ್ಳೇಕೆ. ಅವರು ಒಂದು ಗಳಿಗೆ ನಿಂತರು. ಆಮೇಲೆ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಕುಡಿದು ಲೋಟ ತೊಳೆಯಲು ಎದ್ದರೆ ಕಿತ್ತುಕೊಂಡರು. ನೀವೆಲ್ಲಿ ಎಂದು ಕೇಳಿದ್ದಕ್ಕೆ, "ಕ್ಯಾಮ್ರ ಎತ್ಕಂಡು ಊಟಿಗೋಗವ್ನೆ ಕಣಪ್ಪ. ನಾಕ್ ದಿನಾಯ್ತು. ಅನ್ನ ನೀರು ಸೇರ್ತಿಲ್ಲ ಅವ್ನ್ಗೆ" ಅಂದರು.

ದಸರಾ ಸೀಸನ್ ಬಂತು, ಊಟಿಯಲ್ಲಿ ಜನ ಸೇರುತ್ತಾರೆ, ಆ ಮರದ ಕ್ಯಾಮೆರಾ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದೀರಿ. ತೆಗೆಯಿರಿ. ನಿಮ್ಮ ತಾಯಿಯ ಕಾಫಿ ಕುಡಿದದ್ದರಿಂದ ಬಾಯಿಗೆ ಬಂದದ್ದನ್ನು ಬರೆಯದೆ ನಿಲ್ಲಿಸುತ್ತೇನೆ.

ಅವ್ವ ನಿನ್ನೆ ಸಂಜೆ ಗಂಟು ಬಿಚ್ಚಲು ನೋಡಿದರು. ನಾನು ಓಡಿಹೋಗಿ, ಅಮಾವಾಸ್ಯೆಗೆ ಮುಂಚೆ ಬಿಚ್ಚಬಾರದು ಎಂದೆ. ನನ್ನ ಅವ್ವ ನನಗೆ ಕಲಿಸಿದ್ದನ್ನು ಅವರಿಗೇ ಹೇಳಿ ಗದರಿಸಿದೆ. "ಆಗ್ಲಿ ಬುಡಪ್ಪ" ಅಂದರು. ಇದಕ್ಕಿಂತ ನಾಚಿಕೆಗೇಡು ಏನು ಬೇಕು.

ಮಲ್ಲಿಕಾರ್ಜುನಸ್ವಾಮಿ


ಗುಂಡ್ಲುಪೇಟೆ
೧೦ ಅಕ್ಟೋಬರ್ ೧೯೯೬

ಮೇಷ್ಟ್ರೇ,

ಗೋವಿಂದಯ್ಯನವರ ಕೈಯಲ್ಲಿ ನಿಮ್ಮ ತಾತನವರನ್ನು ಕಳಿಸುತ್ತಿದ್ದೇನೆ. ಬಿಸ್ಕತ್ ಡಬ್ಬದಲ್ಲಿ ನಾಲ್ಕು ಮೂಲೆಗೆ ಹತ್ತಿ ಒತ್ತಿ ಇಟ್ಟಿದ್ದೇನೆ. ಡಬ್ಬ ಓರೆ ಮಾಡಬೇಡಿ.

ಊಟಿಗೆ ಹೋದದ್ದು ಕ್ಯಾಮೆರಾ ವಾಪಸು ಕೊಡುವುದಕ್ಕೆ. ಲಾಡ್ಜಿನವರು ಕೋಯಿಕ್ಕೋಡಿಗೆ ಹೋಗಿದ್ದರು, ಬರುವವರೆಗೆ ಆರು ದಿನ ಕಾದೆ. ನಿಮ್ಮ ತಾತ ಅಲ್ಲಿ ಮುಂಬಾಗಿಲ ಗೋಡೆಯಲ್ಲಿ ಒಂದು ಜಿಂಕೆ ಕೊಂಬಿನ ಕೆಳಗೆ ಇದ್ದರು. ಬಂದವರು ಲಗೇಜು ಇಳಿಸಿ ಒಂದು ಸಲ ನೋಡಿ, ಯಾರಪ್ಪ ಈ ರಾಜ ಎಂದು ಕೇಳಿ ಹೋಗುತ್ತಿದ್ದರು. ಅದು ನನಗೆ ಚೆನ್ನಾಗಿ ಕಂಡಿತು ಎಂದರೆ ನೀವು ಸಿಟ್ಟಾಗುತ್ತೀರಿ. ಯಜಮಾನರು ಬಂದ ಮೇಲೆ ಕೊಡುವುದಿಲ್ಲ ಎಂದರು. ನಿಮ್ಮ ಆಗಸ್ಟ್ ತಿಂಗಳ ಕಾಗದ ಜೇಬಿನಲ್ಲಿತ್ತು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ನನಗೆ ಬರುವ ಅರೆಬರೆ ಮಲಯಾಳದಲ್ಲಿ ಅರಳಿಕಟ್ಟೆಯವರೆಗೆ ಹೇಳಿದೆ. ಎದ್ದುಹೋಗಿ ಗೋಡೆಯಿಂದ ಇಳಿಸಿ ತಂದುಕೊಟ್ಟರು. ಕ್ಯಾಮೆರಾ ಅಲ್ಲೇ ಬಿಟ್ಟು ಬಂದೆ.

ಮನೆಗೆ ತಂದು ಭೂತಗನ್ನಡಿ ಇಟ್ಟು ನೋಡಿದೆ. ಎಡಗಾಲಿನ ಹಿಮ್ಮಡಿಯೂ ಲಾಡಿಯ ಎರಡು ತೂತೂ ಇನ್ನೂ ಇವೆ. ಮಿಕ್ಕದ್ದು ನಿಜವಾಗಿಯೂ ಹೋಗಿದೆ. ಕೇಳದೆ ಮಾಡುವ ಚಾಳಿ ನನ್ನನ್ನು ಬಿಡುವ ಹಾಗಿಲ್ಲ, ಮೊಣಕಾಲಿನ ಕೆಳಗೆ ಸ್ವಲ್ಪ ಬಣ್ಣ ಹಾಕಿದ್ದೇನೆ. ಎಣ್ಣೆ ಬಣ್ಣ, ಹಸಿ ಇದೆ. ಒಂದು ವಾರ ಯಾರೂ ಕೈ ತಾಗಿಸಬಾರದು.

ಶಿವಶಂಕರ


ಚಾಮರಾಜನಗರ
೧೪ ಅಕ್ಟೋಬರ್ ೧೯೯೬

ಶಿವಶಂಕರ ಅವರೇ,

ಡಬ್ಬ ಶುಕ್ರವಾರ ಸಂಜೆ ಸಿಕ್ಕಿತು. ಶನಿವಾರ ಅಮಾವಾಸ್ಯೆ. ಒಂದು ವಾರ ಕೈ ತಾಗಿಸಬಾರದು ಎಂದು ಎರಡು ದಿನ ಮುಂಚೆ ಬರೆದು ಕಳಿಸುವ ಬುದ್ಧಿ ನಿಮಗೊಬ್ಬರಿಗೇ ಇರಲು ಸಾಧ್ಯ. ಊಟಿಯ ವಿಷಯದಲ್ಲಿ ನಾನು ತಪ್ಪು ತಿಳಿದೆ, ಅದನ್ನು ಒಪ್ಪುತ್ತೇನೆ. ಆದರೆ ಮುಚ್ಚಳ ತೆಗೆದು ಆ ಬೂಟು ನೋಡಿದಾಗ ನಿಮ್ಮ ಮೇಲೆ ಬಂದ ಸಿಟ್ಟನ್ನು ಹೇಗೆ ಬರೆಯಲಿ. ಎಂಬತ್ತು ವರ್ಷ ಹಳೆಯ ಮನುಷ್ಯನ ಕಾಲಿಗೆ ನಿನ್ನೆ ಅಂಗಡಿಯಿಂದ ತಂದ ಬೂಟು, ಕರ್‍ರಗೆ ಮಿಂಚುತ್ತಿದೆ. ಒರೆಸಿಬಿಡೋಣ ಎಂದು ಹತ್ತಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿದೆ. ಉಳಿದಿರುವ ಹಿಮ್ಮಡಿಯೂ ಹೋದರೆ ಎಂದು ಭಯವಾಗಿ ಹತ್ತಿ ಬಿಸಾಡಿದೆ.

ಲಗ್ನಪತ್ರಿಕೆ ತೆಗೆದು ಫೋಟೋವನ್ನು ಕೆಂಪು ಬಟ್ಟೆಯ ಮೇಲೆ ಇಟ್ಟೆ. ಎಡೆಯಾಯಿತು, ಹೊಸ ಪಂಚೆ ಇಟ್ಟೆವು, ಧೂಪ ಹಾಕಿದೆವು. ಅವ್ವ ಕುಂಕುಮ ಹಚ್ಚಲು ಕೈ ಚಾಚಿದರು. ಬೇಡ ಅವ್ವ, ಕಾಲು ಮುಟ್ಟಬೇಡ ಎಂದೆ. ಯಾಕೆ ಎಂದರು. ಅಷ್ಟರಲ್ಲಿ ಮುಟ್ಟಿದ್ದರು.

ಮುಟ್ಟಿದವರು ಕೈ ಹಿಂದಕ್ಕೆ ತೆಗೆದರು. ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದರು, ಮೂಸಿದರು. ಪೊರೆ ಬಂದ ಕಣ್ಣಿನ ಹತ್ತಿರಕ್ಕೆ ತಂದು ಕಿಟಕಿಯ ಕಡೆ ತಿರುಗಿದರು. ಎರಡು ಬೆರಳೂ ಕಪ್ಪು. ಆರು ತಿಂಗಳು ಮುಚ್ಚಿಟ್ಟದ್ದೆಲ್ಲ ಒಟ್ಟಿಗೆ ಹೇಳಿಬಿಡೋಣ ಎಂದು ಬಾಯಿ ತೆರೆದೆ.

ಅವ್ವ ಮೆಲ್ಲಗೆ ಅಂದರು, "ಪಾಲೀಸ್ ಆಕ್ಕಂಡವ್ನೆ ಕಣ್ಲಾ ಮಲ್ಲ. ನಮ್ಮಪ್ಪ ಮತ್ತೆ ಬೂಟ್ ಮೆಟ್ಕಂಡವ್ನೆ."

ನಿಮ್ಮ ವಿಷಯ, ಊಟಿಯ ವಿಷಯ, ಲಗ್ನಪತ್ರಿಕೆ, ಯಾವುದನ್ನೂ ಹೇಳಲಿಲ್ಲ. ಹೇಳುವುದೂ ಇಲ್ಲ. ಅವ್ವ ಅವತ್ತು ಆ ಕೈ ತೊಳೆಯಲಿಲ್ಲ. ಎಡೆಯ ಊಟವನ್ನು ನನ್ನ ಮಗಳು ಶಿವರಂಜಿನಿ ತುತ್ತು ಮಾಡಿ ತಿನ್ನಿಸಿದಳು. ಬಲಗೈಯನ್ನು ಮಡಿಲಲ್ಲಿ ಮೇಲ್ಮುಖ ಮಾಡಿ ಇಟ್ಟುಕೊಂಡು, ಬೀದಿಯಲ್ಲಿ ಹೋಗುವ ಗುರುಸಿದ್ದಮ್ಮನನ್ನೂ ಸುಂದ್ರಮ್ಮನನ್ನೂ ಕರೆದು ಕರೆದು ತೋರಿಸಿದರು.

ದೊಡ್ಡ ಫೋಟೋವನ್ನು ಹಾಲಿನಲ್ಲಿ ಹಾಕಿಲ್ಲ, ಬೀರುವಿನ ಹಿಂದೆ ಇಟ್ಟಿದ್ದೇನೆ. ನಿಮ್ಮ ತಾಯಿಯವರಿಗೆ ನಮಸ್ಕಾರ ತಿಳಿಸಿ. ನಿಮ್ಮ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ.

ಮುಂದಿನ ವರ್ಷ ಅಮಾವಾಸ್ಯೆಗೆ ಎರಡು ದಿನ ಇರುವಾಗ ಫೋಟೋ ತೆಗೆದುಕೊಂಡು ನಾನೇ ಬರುತ್ತೇನೆ. ಅಂಗಡಿ ತೆಗೆದಿಡಿ. ಬೂಟಿಗೆ ಇನ್ನೊಂದು ಸಲ ಬಣ್ಣ ಹಾಕಬೇಕು. ಒಣಗಲು ಬಿಡಬೇಡಿ.

ಮಲ್ಲಿಕಾರ್ಜುನಸ್ವಾಮಿ